ಹತ್ತೊಂಬತ್ತನೇ ಗೇಟು ಮತ್ತು ಮೊದಲ ಸಂಬಳ

(ಕೊಪ್ಪಳದಲ್ಲಿ ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಹಿರಿಯರೇ, ತಾಯಂದಿರೇ, ತಮ್ಮ ತಂಗಿಯರೇ,

ಕ್ಯಾಂಪಸ್ ಸೆಲೆಕ್ಷನ್ ಆಯ್ತು ಅಂದ ತಕ್ಷಣ ಊರಲ್ಲಿ ಕೇಳೋ ಪ್ರಶ್ನೆ ಒಂದೇ: "ಪ್ಯಾಕೇಜ್ ಎಷ್ಟ್ರೀ?" ಕಟ್ಟೆ ಮೇಲೆ ಕೂತ ಅಜ್ಜನೂ ಈಗ ಪ್ಯಾಕೇಜ್ ಅಂತಲೇ ಕೇಳ್ತಾನೆ. ಕೇಳಲಿ, ತಪ್ಪಿಲ್ಲ. ಆದರೆ ಇವತ್ತು ಆ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಕೂಡಿಸೋದಕ್ಕೆ ಬಂದಿದ್ದೇನೆ: ಈ ಕೆಲಸ ನಾಳೆ ಹೋದರೆ ಮಗ ಅಥವಾ ಮಗಳು ಎಷ್ಟು ತಿಂಗಳು ತಡ್ಕೊಂಡು ನಿಲ್ಲಬಲ್ಲರು?

ಇದಕ್ಕೆ ಉದಾಹರಣೆ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಮುನಿರಾಬಾದಿಗೆ ಹೋದರೆ ಸಾಕು. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನಲ್ಲಿ ಏನಾಯ್ತು ಅಂತ ಈ ಸಭಾಂಗಣದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಡ್ಯಾಂ ತುಂಬಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈತರು ಈ ವರ್ಷ ಎರಡು ಬೆಳೆ ಗ್ಯಾರಂಟಿ ಅಂತ ನಿಟ್ಟುಸಿರು ಬಿಟ್ಟಿದ್ದರು. 33 ಗೇಟುಗಳಲ್ಲಿ ಒಂದು, ಹತ್ತೊಂಬತ್ತನೆಯದು, ಅದರ ಚೈನ್ ತುಂಡಾಯ್ತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಗೇಟು ನೀರಿನ ಪಾಲಾಯ್ತು. ಕಟ್ಟೆಯ ಮೇಲಿನ ಒತ್ತಡ ಇಳಿಸೋದಕ್ಕೆ ಉಳಿದ ಗೇಟುಗಳನ್ನೂ ಎತ್ತಬೇಕಾಯ್ತು. ಹತ್ತಾರು ಟಿಎಂಸಿ ನೀರು ಕಣ್ಣೆದುರೇ ಹರಿದು ಹೋಯ್ತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಏಳು ದಶಕ ನಿಂತ ಕಟ್ಟೆ ಅದು, ಕಲ್ಲು ಒಂದೂ ಅಲುಗಲಿಲ್ಲ. ಉಳಿದ 32 ಗೇಟು ಆ ರಾತ್ರಿ ತಮ್ಮ ಜಾಗದಲ್ಲೇ ಇದ್ದವು. ಕೈಕೊಟ್ಟಿದ್ದು ಒಂದು ಚೈನು. ಮತ್ತೆ ಆ ರಾತ್ರಿ ತಕ್ಷಣ ಇಳಿಸೋದಕ್ಕೆ ಒಂದು ಸ್ಟಾಪ್‌ಲಾಗ್ ಸಿದ್ಧವಾಗಿ ಇರಲಿಲ್ಲ. ಸ್ಟಾಪ್‌ಲಾಗ್ ಅಂದರೆ ಗೇಟಿನ ಬದಲು ತಾತ್ಕಾಲಿಕವಾಗಿ ಒಂದರ ಮೇಲೊಂದು ಇಳಿಸೋ ಉಕ್ಕಿನ ಹಲಗೆ, ಅಷ್ಟೇ. ಗೇಟು ಕೊಚ್ಚಿಹೋದ ಮೇಲೆ ಅಳತೆ ತಗೊಂಡು, ಹಗಲೂ ರಾತ್ರಿ ವೆಲ್ಡಿಂಗ್ ಮಾಡಿ, ಕ್ರೇನ್ ತರಿಸಿ, ಹರಿಯೋ ನೀರಿನಲ್ಲೇ ಇಳಿಸಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ನಿವೃತ್ತಿಯಾಗಿ ಮನೆಯಲ್ಲಿ ಕೂರೋ ವಯಸ್ಸಿನಲ್ಲಿ ಬಂದು ನಿಂತು ಆ ಕೆಲಸ ಮಾಡಿಸಿದರು. ಒಂದು ವಾರದೊಳಗೆ ನೀರು ನಿಂತಿತು. ಅವರಿಗೂ ಆ ಕಾರ್ಮಿಕರಿಗೂ ಕೈ ಮುಗಿಯಬೇಕು. ಆದರೆ ಅದೇ ಹಲಗೆ ಮೊದಲೇ ಮಾಡಿ ಇಟ್ಟಿದ್ದರೆ? ಈ ಪ್ರಶ್ನೆಯನ್ನು ಎಂಜಿನಿಯರ್ ಆಗೋ ಪ್ರತಿ ಹುಡುಗ, ಹುಡುಗಿ ಎದೆಯಲ್ಲಿ ಇಟ್ಟುಕೊಂಡೇ ಬಸ್ ಹತ್ತಬೇಕು ಅಂತ ನನ್ನ ಆಸೆ.

ಈಗ ಆಫರ್ ಲೆಟರ್ ತೆಗೀರಿ. ಮೊದಲ ಪುಟದಲ್ಲಿ ಅಭಿನಂದನೆ ಇರುತ್ತೆ, ಅದನ್ನ ಮನೆಯವರಿಗೆ ಓದಿ ಹೇಳಿ. ನೀವು ಓದಬೇಕಾದ್ದು ಕೊನೆಯ ಪುಟ, ಸಂಬಳದ ಅನುಬಂಧ. ವರ್ಷಕ್ಕೆ 3,60,000 ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡೋ ಒಟ್ಟು ಖರ್ಚು, ಅಂತ ಇಟ್ಟುಕೊಳ್ಳೋಣ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30,000 ಬರುತ್ತೆ ಅಂತ ಮನೆಯಲ್ಲಿ ಹೇಳಿರುತ್ತೀರಿ. ಬರೋದಿಲ್ಲ. ಬೇಸಿಕ್, ಅಂದರೆ ಮೂಲ ವೇತನ, 15,000 ಇದ್ದರೆ ಕಂಪನಿ ಕಟ್ಟೋ ಪಿಎಫ್ (ಭವಿಷ್ಯ ನಿಧಿ) ಶೇ 12, ಅಂದರೆ 1,800 ಅದರಲ್ಲೇ ಸೇರಿರುತ್ತೆ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡೋ ಇಡಿಗಂಟು, ಅಂತ ಬೇಸಿಕ್‌ನ ಶೇ 4.81, ಸುಮಾರು 721 ರೂಪಾಯಿ. ಇದು ಸಾಮಾನ್ಯವಾಗಿ ಐದು ವರ್ಷ ಅಲ್ಲೇ ಇದ್ದವರಿಗೆ ಸಿಗೋದು, ಎರಡು ವರ್ಷಕ್ಕೆ ಬಿಟ್ಟವರಿಗೆ ಕಾಗದದ ಮೇಲೆ ಮಾತ್ರ. ವಿಮೆಯ ಕಂತು ಒಂದು 500 ಅನ್ನಿ. ವೇರಿಯಬಲ್ ಪೇ ಶೇ 10 ಇದ್ದರೆ 3,000. ಅದು ವರ್ಷದ ಕೊನೆಗೆ, ಕಂಪನಿಗೂ ನಿಮಗೂ ಒಳ್ಳೆ ವರ್ಷವಾಗಿದ್ದರೆ. ಉಳಿದದ್ದು 23,979. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1,800 ಕಳೀರಿ. ಕೈಗೆ 22,179. ಈ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಆ ಭಯ ಬೇಡ.

ಪಿಎಫ್ ಹೋಯ್ತು ಅಂತ ಯಾರೂ ಮರುಗಬೇಡಿ, ಅದು ನಿಮ್ಮದೇ ದುಡ್ಡು. ಕಂಪನಿಯ 1,800ರಲ್ಲಿ 1,250 ಪಿಂಚಣಿ ಖಾತೆಗೆ, ಮಿಕ್ಕ 550 ನಿಮ್ಮ ಪಿಎಫ್‌ಗೆ. ಜೊತೆಗೆ ನಿಮ್ಮ 1,800 ಪೂರ್ತಿ. ಕೆಲಸ ಬದಲಿಸಿದಾಗ ಅದೇ ಹನ್ನೆರಡು ಅಂಕಿಯ ಯುಎಎನ್, ಅಂದರೆ ನಿಮ್ಮ ಪಿಎಫ್‌ನ ಕಾಯಂ ನಂಬರನ್ನೇ ಕೊಟ್ಟು ವರ್ಗಾಯಿಸಿ. ಹೊಸ ನಂಬರ್ ಮಾಡಿಸಿಕೊಂಡರೆ ಹಳೇ ದುಡ್ಡು ಒಂದು ಕಡೆ, ನೀವೊಂದು ಕಡೆ. ಆಧಾರ್‌ನಲ್ಲಿರೋ ಹೆಸರೂ ಅಂಕಪಟ್ಟಿಯ ಹೆಸರೂ ಒಂದೇ ಥರ ಇದೆಯಾ ಅಂತ ಸೇರೋ ಮುಂಚೆನೇ ನೋಡಿ. ನಮ್ಮ ಕಡೆ ಅಡ್ಡಹೆಸರು ಒಂದು ದಾಖಲೆಯಲ್ಲಿ ಇರುತ್ತೆ, ಇನ್ನೊಂದರಲ್ಲಿ ಇರಲ್ಲ. ಪಿಎಫ್ ಕ್ಲೇಮು ತಿರಸ್ಕಾರ ಆಗೋದು ಬಹಳ ಸಲ ಇಲ್ಲೇ.

ಸರಿ, 22,179 ಬಂತು. ಬೆಂಗಳೂರಿನಲ್ಲಿ ಇಬ್ಬರು ಮೂವರು ಹಂಚಿಕೊಳ್ಳೋ ಪಿಜಿಗೆ ರಾತ್ರಿ ಊಟ ಸೇರಿ 9,000 ಅನ್ನಿ. ಮಧ್ಯಾಹ್ನದ ಊಟ, ಸಂಜೆಯ ಚಹಾ 2,500. ಬಸ್ಸು ಮೆಟ್ರೊ 1,500. ಫೋನು 400. ತಿಂಗಳಿಗೊಮ್ಮೆ ಊರಿಗೆ ಬಂದುಹೋಗೋ ಖರ್ಚು 1,200. ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ ಈಗ 60 ದಿನ ಮೊದಲೇ ಓಪನ್ ಆಗುತ್ತೆ. ದೀಪಾವಳಿಯ ಟಿಕೆಟ್ ದೀಪಾವಳಿಯ ವಾರದಲ್ಲಿ ಹುಡುಕಿದರೆ ಖಾಸಗಿ ಬಸ್ಸಿಗೆ ಮೂರು ಪಟ್ಟು ಕೊಟ್ಟು ಬರಬೇಕಾಗುತ್ತೆ. ಇಷ್ಟಕ್ಕೆ 14,600 ಆಯ್ತು. ಮನೆಗೆ 4,000 ಕಳಿಸಿದರೆ ಉಳಿಯೋದು 3,579.

ಈಗ ಸ್ಟಾಪ್‌ಲಾಗ್ ಲೆಕ್ಕ, ಅಂದರೆ ಕೆಲಸ ಹೋದರೆ ಕೈಹಿಡಿಯೋ ದುಡ್ಡಿನ ಲೆಕ್ಕ. ಆರು ತಿಂಗಳ ಖರ್ಚು, 14,600 ಗುಣಿಸು ಆರು, 87,600 ರೂಪಾಯಿ. ತಿಂಗಳಿಗೆ 3,579ರಂತೆ ಕೂಡಿಸಿದರೆ ಎರಡು ವರ್ಷಕ್ಕೂ ಸ್ವಲ್ಪ ಹೆಚ್ಚು ಬೇಕು. ಮನೆಗೆ ಕಳಿಸೋ ನಾಲ್ಕು ಸಾವಿರವನ್ನೂ ಅದಕ್ಕೇ ಹಾಕಿದರೆ ಹನ್ನೆರಡೇ ತಿಂಗಳು.

ಅದಕ್ಕೇ ಹಿರಿಯರಲ್ಲಿ, ತಾಯಂದಿರಲ್ಲಿ ಕೈ ಮುಗಿದು ಕೇಳ್ತೀನಿ. ಎರಡನೇ ಬೆಳೆಗೆ ನೀರು ಬಿಡದ ವರ್ಷ ಮನೆ ಹೇಗೆ ನಡೆಯುತ್ತೆ ಅಂತ ಗೊತ್ತಿದ್ದೇ ಕೇಳ್ತೀನಿ. ಕಾಲೇಜಿನ ಸಾಲದ ಕಂತು ಇದ್ದರೆ ಅದು ಮೊದಲು, ಅದರಲ್ಲಿ ಮಾತಿಲ್ಲ. ಆದರೆ ಹೊಸ ಟ್ರ್ಯಾಕ್ಟರಿನ ಕಂತು, ತಂಗಿಯ ಮದುವೆಯ ಛತ್ರ, ಮನೆಯ ಮೇಲಿನ ಮಹಡಿ, ಇವನ್ನು ಮೊದಲ ಹನ್ನೆರಡು ತಿಂಗಳು ಆ ಸಂಬಳಕ್ಕೆ ಗಂಟುಹಾಕಬೇಡಿ. ಒಂದೇ ಒಂದು ವರ್ಷ ಕೊಡ್ರಿ. ಆ 87,600 ಕೈಯಲ್ಲಿರೋ ಮಗಳು ಬೆದರಿಸೋ ಮ್ಯಾನೇಜರ್‌ಗೆ ಹೆದರಲ್ಲ, ಮೊದಲು ಸಿಕ್ಕಿದ ಕೆಟ್ಟ ಕೆಲಸಕ್ಕೆ ಓಡಲ್ಲ, ನಾಲ್ಕು ಕಡೆ ಸಂದರ್ಶನ ಕೊಟ್ಟು ಆರಿಸಿಕೊಳ್ತಾಳೆ. ಇಲ್ಲದಿದ್ದರೆ ಇಡೀ ಮನೆ ಒಂದು ಚೈನಿನ ಮೇಲೆ ನೇತಾಡುತ್ತೆ.

ಆ ದುಡ್ಡನ್ನು ಬೇರೆಯೇ ಖಾತೆಯಲ್ಲಿ ಆರ್‌ಡಿ (ತಿಂಗಳು ತಿಂಗಳು ಕಟ್ಟೋ ಠೇವಣಿ) ಮಾಡಿ, ಸಂಬಳ ಬಂದ ಮಾರನೇ ದಿನವೇ ಕಡಿತ ಆಗೋ ಹಾಗೆ ಇಡಿ. ಷೇರು ಆಮೇಲೆ. ಕೆಲಸ ಹೋಗೋ ಕಾಲದಲ್ಲೇ ಷೇರೂ ಬಿದ್ದಿರುತ್ತೆ, ಎರಡೂ ಒಟ್ಟಿಗೆ ಕೈಕೊಡುತ್ತೆ. ಗೆಳೆಯರಿಗೆ ಕೈಗಡ ಇದರಿಂದ ಬೇಡ. ಮೊದಲ ತಿಂಗಳೇ ಎಪ್ಪತ್ತು ಸಾವಿರದ ಫೋನ್ ಕಂತಿನಲ್ಲಿ ಬೇಡ. ಫೋನ್ ಯಾವುದೇ ಇರಲಿ, ಅವ್ವನ ದನಿ ಅಷ್ಟೇ ಸ್ಪಷ್ಟವಾಗಿ ಕೇಳುತ್ತೆ.

ಸಂಘಟಕರು ಚೀಟಿ ಕಳಿಸಿದ್ದಾರೆ, ಇನ್ನು ಇಪ್ಪತ್ತು ನಿಮಿಷ ಅಂತ. ಹಿಂದುಗಡೆ ಮಿರ್ಚಿಗೆ ಎಣ್ಣೆ ಕಾದಿರೋ ವಾಸನೆಯೂ ಬರ್ತಿದೆ, ನಿಮ್ಮ ಮುಖ ನೋಡಿದರೆ ನಿಮಗೂ ಬಂದಿದೆ. ಕೆಲಸದ ವಿಷಯಕ್ಕೆ ಬರ್ತೀನಿ.

"ಡೆವಲಪ್‌ಮೆಂಟ್ ಕೊಡಲಿಲ್ಲ, ಸಪೋರ್ಟ್ ಪ್ರಾಜೆಕ್ಟಿಗೆ ಹಾಕಿದರು" ಅಂತ ಅಳೋ ಹುಡುಗರು ಬಹಳ. ಡೆವಲಪ್‌ಮೆಂಟ್ ಅಂದರೆ ಹೊಸ ಪ್ರೋಗ್ರಾಂ ಬರೆಯೋದು, ಸಪೋರ್ಟ್ ಅಂದರೆ ಓಡ್ತಿರೋದು ಕೆಟ್ಟಾಗ ಸರಿಮಾಡೋದು. ನನ್ನ ಮಾತು ನಂಬಿ, ಸಪೋರ್ಟ್ ಒಂದು ಬಂಗಾರದ ಗಣಿ, ಅಗೆಯೋದು ಗೊತ್ತಿದ್ದರೆ. ಹತ್ತಿರದಿಂದ ಒಂದನ್ನ ತೋರಿಸ್ತೀನಿ. ರಾತ್ರಿ ಎರಡು ಗಂಟೆ, ಬಿಲ್ ಕಟ್ಟೋ ಪುಟ ತೆರೀತಿಲ್ಲ ಅಂತ ಟಿಕೆಟ್, ಅಂದರೆ ದೂರು ಬರುತ್ತೆ. ಜಾವಾ ಅಪ್ಲಿಕೇಶನ್. ಲಾಗ್, ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನ ಬರೆದಿಡೋ ಕಡತ, ಅದನ್ನ ತೆಗೆದರೆ ಇನ್ನೂರು ಸಾಲು ಎರರ್. ಹೊಸಬರು ಮೊದಲ ಸಾಲು ಓದ್ತಾರೆ, ಅದನ್ನೇ ಕಾಪಿ ಮಾಡಿ ಎಐಗೆ ಕೇಳ್ತಾರೆ. ಬೇಡ. ಕೆಳಗೆ ಹೋಗಿ. 'ಕಾಸ್ಡ್ ಬೈ' ಅಂತ ಶುರುವಾಗೋ ಸಾಲುಗಳಲ್ಲಿ ಕಟ್ಟಕಡೆಯದನ್ನು ಹಿಡೀರಿ, ಮೂಲ ಕಾರಣ ಸಾಮಾನ್ಯವಾಗಿ ಅಲ್ಲಿರುತ್ತೆ. ಅಲ್ಲಿ ಡೇಟಾಬೇಸ್ ಕನೆಕ್ಷನ್ ಸಿಗಲಿಲ್ಲ, 30 ಸೆಕೆಂಡ್ ಕಾದು ಬಿಟ್ಟೆ ಅಂತ ಬರೆದಿದೆ. ಡೇಟಾಬೇಸಿಗೆ ಕನೆಕ್ಷನ್‌ಗಳನ್ನ ತೆರೆದಿಟ್ಟು ಹಂಚೋದಕ್ಕೆ ಕನೆಕ್ಷನ್ ಪೂಲ್ ಅಂತಾರೆ, ಹಿಕಾರಿ ಅನ್ನೋದು ಬಹಳ ಕಡೆ ಬಳಕೆಯಲ್ಲಿದೆ. ನೀವು ಏನೂ ಹೇಳದೆ ಬಿಟ್ಟರೆ ಅದರಲ್ಲಿ ಹತ್ತೇ ಕನೆಕ್ಷನ್. ಹತ್ತೂ ಯಾರೋ ಹಿಡಿದು ಕೂತಿದ್ದಾರೆ.

ಆಗ ಕೂಟದಲ್ಲಿ ಒಬ್ಬರು ಹೇಳ್ತಾರೆ: ಹತ್ತನ್ನು ಐವತ್ತು ಮಾಡಿ. ಮಾಡಿದರೆ ಹತ್ತು ನಿಮಿಷ ಚೆನ್ನಾಗಿರುತ್ತೆ, ಆಮೇಲೆ ಡೇಟಾಬೇಸೇ ಮಲಗುತ್ತೆ. ಉಳಿದ ಗೇಟೆಲ್ಲ ಎತ್ತಿದ ಹಾಗೆ ಅದು. ಒತ್ತಡ ಇಳಿಯಬಹುದು, ಚೈನ್ ಕೂಡೋದಿಲ್ಲ. ಹತ್ತನ್ನೂ ಹಿಡಿದು ಕೂತ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳೋ ಪ್ರಶ್ನೆ, ಯಾವುದು ನೋಡಿ. ಅದರ ಮುಂದೆ 'ಎಕ್ಸ್‌ಪ್ಲೇನ್' ಅಂತ ಹಾಕಿ ಓಡಿಸಿ, ಡೇಟಾಬೇಸ್ ಅದನ್ನ ಹೇಗೆ ಹುಡುಕುತ್ತೆ ಅಂತ ತೋರಿಸುತ್ತೆ. ಇಡೀ ಟೇಬಲ್ ಸ್ಕ್ಯಾನ್ ಆಗ್ತಿದೆ, ಮೊಬೈಲ್ ನಂಬರ್ ಕಾಲಮ್ಮಿಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇಲ್ಲ. ಅಥವಾ ಇಂಡೆಕ್ಸ್ ಇದೆ, ಯಾರೋ ಆ ಕಾಲಮ್ ಮೇಲೆ ಫಂಕ್ಷನ್ ಹಚ್ಚಿ ಹೋಲಿಕೆ ಮಾಡಿದ್ದಾರೆ, ಸಾದಾ ಇಂಡೆಕ್ಸ್ ಅಲ್ಲಿ ಉಪಯೋಗಕ್ಕೆ ಬರಲ್ಲ. ತುಂಡಾದ ಕೊಂಡಿ ಇದು. ಇಂಡೆಕ್ಸ್ ಹಾಕೋದನ್ನೂ ಮೊದಲು ಟೆಸ್ಟ್ ಡೇಟಾಬೇಸಿನಲ್ಲಿ. ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸ್ತಿರೋ ಡೇಟಾಬೇಸಿನಲ್ಲಿ, ಹಗಲು ಹೊತ್ತು ದೊಡ್ಡ ಟೇಬಲ್ಲಿಗೆ ಹಾಕಿದರೆ ಬರೆಯೋ ಕೆಲಸಗಳೆಲ್ಲ ನಿಂತುಬಿಡಬಹುದು.

ಬೆಳಿಗ್ಗೆ ಮಲಗೋ ಮುಂಚೆ ಐದು ಸಾಲು ಬರೀರಿ: ಏನು ಕಾಣಿಸ್ತು, ಮೂಲ ಎಲ್ಲಿತ್ತು, ಏನು ಮಾಡಿದೆ, ಎಷ್ಟು ಹೊತ್ತು ಹಿಡೀತು, ಮತ್ತೆ ಆಗದಿರಲು ಏನು ಬೇಕು. ಗ್ರಾಹಕರ ಹೆಸರು, ಕಂಪನಿಯ ಕೋಡು ಬರೆಯಬೇಡಿ. ವಾರಕ್ಕೊಂದರಂತೆ ವರ್ಷಕ್ಕೆ ಐವತ್ತು. ಮುಂದಿನ ಸಂದರ್ಶನದಲ್ಲಿ "ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ" ಅಂದಾಗ ಆ ಐವತ್ತರಲ್ಲಿ ಮೂರನ್ನ ಬಿಡಿಸಿ ಹೇಳಿದರೆ ಎದುರು ಕೂತವರು ಕುರ್ಚಿ ಮುಂದೆ ಎಳ್ಕೊಂಡು ಕೇಳ್ತಾರೆ. ಇದು ಎರಡನೇ ಸ್ಟಾಪ್‌ಲಾಗ್. ದುಡ್ಡಿನದು ಆರು ತಿಂಗಳು ಕಾಯುತ್ತೆ, ಇದು ಎಷ್ಟು ವರ್ಷವಾದರೂ ಕಾಯುತ್ತೆ. ಎಐ ಕೋಡ್ ಬರೆದುಕೊಡುತ್ತೆ, ಬಳಸಿ. ಆದರೆ ಅದು ಕೊಟ್ಟ ಪ್ರತಿ ಸಾಲು ಯಾಕಿದೆ ಅಂತ ಹೇಳೋಕಾಗದಿದ್ದರೆ ಅದನ್ನ ಒಳಗೆ ಸೇರಿಸಬೇಡಿ.

ಇನ್ನೊಂದು ಮಾತು ಕಳಕಳಿಯಿಂದ ಹೇಳ್ತೀನಿ. ಎರಡು ವರ್ಷದ ಸುಳ್ಳು ಅನುಭವ ಹಾಕಿಕೊಡ್ತೀವಿ, ಒಂದೂವರೆ ಲಕ್ಷ ಕೊಡಿ ಅನ್ನೋರು ಬರ್ತಾರೆ. ಹೊಲ ಅಡ ಇಟ್ಟು ಕೊಟ್ಟವರಿದ್ದಾರೆ. ದಯವಿಟ್ಟು ಬೇಡ. ದೊಡ್ಡ ಕಂಪನಿಗಳು ಈಗ ಪಿಎಫ್ ಸೇವಾ ದಾಖಲೆಯನ್ನೇ ಕೇಳ್ತವೆ. ಯಾವ ತಿಂಗಳು ಯಾರು ದುಡ್ಡು ಕಟ್ಟಿದರು ಅಂತ ಅದರಲ್ಲೇ ಇರುತ್ತೆ. ಸಿಕ್ಕಿಬಿದ್ದರೆ ಆ ಕೆಲಸ ಮಾತ್ರ ಹೋಗೋದಿಲ್ಲ, ನಿಜವಾಗಿ ಮಾಡಿದ ಕೆಲಸದ ಪತ್ರವೂ ಕೈಗೆ ಬರದೇ ಹೋಗಬಹುದು.

ಹತ್ತು ನಿಮಿಷ ಇದೆ, ಬರೆದುಕೊಂಡು ಬಂದದ್ದು ಇನ್ನೂ ಎರಡು ಹಾಳೆ ಇದೆ. ಮುಖ್ಯವಾದದ್ದು ಮಾತ್ರ.

ಬಾಂಡ್, ಅಂದರೆ ಇಷ್ಟು ಕಾಲ ಕೆಲಸ ಬಿಡಲ್ಲ ಅನ್ನೋ ಕರಾರು: ಎಷ್ಟು ತಿಂಗಳು, ಮಧ್ಯೆ ಬಿಟ್ಟರೆ ಎಷ್ಟು ಮೊತ್ತ, ತಿಂಗಳು ಕಳೆದ ಹಾಗೆ ಅದು ಇಳಿಯುತ್ತಾ ಇಲ್ಲವಾ, ಈ ಮೂರನ್ನೂ ಸಹಿ ಮಾಡೋ ಮುಂಚೆ ಓದಿ. ಮೂಲ ಅಂಕಪಟ್ಟಿ ತೋರಿಸಿ, ಪ್ರತಿ ಕೊಟ್ಟು, ಮೂಲವನ್ನ ವಾಪಸ್ ತಗೊಂಡೇ ಎದ್ದು ಬನ್ನಿ. ನೋಟಿಸ್ ಅವಧಿ 90 ದಿನ ಇದ್ದರೆ ಹೊಸ ಕಂಪನಿ ಅಷ್ಟು ಕಾಯುತ್ತಾ ಕೇಳಿ. ಹೊಸ ಆಫರ್ ಬರಹದಲ್ಲಿ ಬರೋವರೆಗೆ ರಾಜೀನಾಮೆ ಬೇಡ. ಬಿಡುವಾಗ ರಿಲೀವಿಂಗ್ ಲೆಟರ್, ಮೂರು ತಿಂಗಳ ಪೇಸ್ಲಿಪ್, ತೆರಿಗೆ ಕಡಿತವಾಗಿದ್ದರೆ ಅದರ ಪ್ರಮಾಣಪತ್ರ, ಎಲ್ಲ ಸ್ವಂತ ಮೇಲ್‌ನಲ್ಲಿ ಇರಲಿ. ಆಫೀಸಿನ ಮೇಲ್ ಕೊನೇ ದಿನ ಸಂಜೆಗೆ ಮುಚ್ಚುತ್ತೆ. ಕಂಪನಿಯ ವಿಮೆಯೂ ಸಾಮಾನ್ಯವಾಗಿ ಅವತ್ತೇ ಮುಗಿಯುತ್ತೆ. ಅಪ್ಪ ಅವ್ವಗೆ ಬೇರೆ ವಿಮೆ ಮಾಡಿಸೋದಾದರೆ ಶುಗರ್, ಬಿಪಿ ಮುಚ್ಚಿಡದೆ ಬರೆಸಿ, ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಕ್ಲೇಮು ನಿಲ್ಲುತ್ತೆ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ವಿಧಿಯ ಬಗ್ಗೆ ಚೀಟಿ ಬಂದಿದೆ. ಹೌದು, ರಾಜ್ಯ ಸರ್ಕಾರದ ನಮ್ಮ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಸಿಯಲ್ಲಿ ಶೇ 80, ಎ (ಕಿರಿಯ ಶ್ರೇಣಿ) ಮತ್ತು ಬಿಯಲ್ಲಿ ಶೇ 75 ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲು. ಅದು ನಮ್ಮ ಹಕ್ಕು, ಪ್ರಯತ್ನ ಮಾಡಿ. ಉಪವಿಭಾಗಾಧಿಕಾರಿ ಕೊಡೋ ಅರ್ಹತಾ ಪ್ರಮಾಣಪತ್ರವನ್ನ ಊರಲ್ಲಿ ಇರುವಾಗಲೇ ಮಾಡಿಸಿಟ್ಟುಕೊಳ್ಳಿ, ಅಧಿಸೂಚನೆ ಬಂದ ಮೇಲೆ ಬೆಂಗಳೂರಿನಿಂದ ಓಡಿಬರೋ ಪಾಡು ತಪ್ಪುತ್ತೆ. ಸಾಫ್ಟ್‌ವೇರ್ ಕೆಲಸ ಬಿಟ್ಟು ಓದಲು ಕೂರೋದಾದರೆ ಎಷ್ಟು ಪ್ರಯತ್ನ ಅಂತ ಮನೆಯವರ ಮುಂದೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, 87,600 ಕೂಡಿದ ಮೇಲೆ ಬಿಡಿ.

ಊರಿಂದಲೇ ಕೆಲಸ, ಇದೊಂದು ಉಳೀತು. ಊರಿಂದ ಮಾಡೋರು ರೌಟರಿಗೆ ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ, ಇನ್ವರ್ಟರ್ ಇದ್ದರೂ ಕರೆಂಟ್ ಹೋಗಿ ಬರೋ ಆ ಕ್ಷಣದಲ್ಲೇ ರೌಟರ್ ಆಫ್ ಆಗಿ ಮೀಟಿಂಗ್ ಕಟ್ ಆಗೋದು.

ಆಫರ್ ಲೆಟರ್ ತಂದವರು ಹೋಗಬೇಡಿ. ಮಿರ್ಚಿ ಮಂಡಕ್ಕಿ ತಟ್ಟೆ ಹಿಡಿದುಕೊಂಡೇ ಆ ಬಾಗಿಲ ಪಕ್ಕದ ಮೇಜಿಗೆ ಬನ್ನಿ, ಅಪ್ಪ ಅವ್ವನನ್ನೂ ಕರೆದುಕೊಂಡು ಬನ್ನಿ. ಮೊದಲ ಪುಟ ಬೇಡ, ಅನುಬಂಧದ ಪುಟ ತೆರೆದಿಟ್ಟುಕೊಳ್ಳಿ. ಒಂದೊಂದೇ ಸಾಲು ಕೂಡಿ ಓದೋಣ.