ಹಳೇ ಬಗ್ಗಿ ಯಾಕೆ ತಿರುಗುವುದಿಲ್ಲ?

ಕೇಳುಗರೇ, ನಮಸ್ಕಾರ. ನಿಮ್ಮಲ್ಲಿ ಕೆಲವರ ಅಟ್ಟದ ಮೇಲೆ ಹಳೇ ರಿಮೋಟ್ ಕಾರು ಇರಬಹುದು. ಇವತ್ತಿನ ಮಾತು ಅದರ ಬಗ್ಗೆ. ಅದರಲ್ಲೂ 1980ರ ದಶಕದ ಬಗ್ಗಿಗಳ ಬಗ್ಗೆ, ಅಂದರೆ ಮಣ್ಣಿನಲ್ಲಿ ಓಡಿಸುವ ರಿಮೋಟ್ ಕಾರುಗಳ ಬಗ್ಗೆ. ಟಮಿಯಾ ಕಂಪನಿಯ ಗ್ರಾಸ್‌ಹಾಪರ್, ಹಾರ್ನೆಟ್ ಎರಡೂ 1984ರವು. ಮಾರನೇ ವರ್ಷ ಹಾಟ್‌ಶಾಟ್ ಬಂತು. ಇವನ್ನೆಲ್ಲ ಕಂಪನಿ ಆಮೇಲೆ ಮತ್ತೆ ತಯಾರಿಸಿತು. ಹಾಗಾಗಿ ಬಿಡಿಭಾಗಕ್ಕೆ ತೀರಾ ಪರದಾಡಬೇಕಿಲ್ಲ.

ಎಲ್ಲರದ್ದೂ ಒಂದೇ ದೂರು. ಕಾರು ಓಡುತ್ತದೆ, ಆದರೆ ಹೇಳಿದ ಕಡೆ ತಿರುಗುವುದಿಲ್ಲ. ಕೈ ಬಿಟ್ಟರೆ ನೇರಕ್ಕೂ ಹೋಗುವುದಿಲ್ಲ. ಆಗ ಜನ ಏನು ಮಾಡುತ್ತಾರೆ? ಸ್ಟಿಯರಿಂಗ್ ತಿರುಗಿಸುವ ಪುಟ್ಟ ಮೋಟಾರು ಪೆಟ್ಟಿಗೆ ಇದೆಯಲ್ಲ, ಸರ್ವೋ, ಅದನ್ನು ಬದಲಾಯಿಸಿ ಇನ್ನೂ ಬಲವಾದದ್ದು ಹಾಕುತ್ತಾರೆ. ದಯವಿಟ್ಟು ಬೇಡ. ಮೊದಲು ಲೂಸ್ ಎಲ್ಲಿದೆ ಹುಡುಕಿ. ಸರ್ವೋ ಆಮೇಲೆ.

ನನಗೆ ಪರಿಚಯದ ಗಣಿತದ ಮೇಷ್ಟ್ರೊಬ್ಬರಿದ್ದಾರೆ, ನಿವೃತ್ತರು. ಒಂದು ದಿನ ಹಾರ್ನೆಟ್ ಹಿಡಿದುಕೊಂಡು ಬಂದರು. "ನೋಡಪ್ಪಾ, 20 ಕೆ.ಜಿ. ಬಲದ ಸರ್ವೋ ಹಾಕಿದ್ದೀನಿ, ಒಳಗೆಲ್ಲ ಲೋಹದ ಗೇರು. ಆದ್ರೂ ತಿರುಗಲ್ಲ" ಅಂದರು. ಕಾರನ್ನು ಕೈಯಲ್ಲಿ ಎತ್ತಿ ಹಿಡಿದು, ರಿಮೋಟ್ ತಿರುಗಿಸಿ ತೋರಿಸಿದರು. ಚಕ್ರಗಳು ಚೆನ್ನಾಗೇ ತಿರುಗಿದವು. ಗಾಳಿಯಲ್ಲಿ ಯಾವ ಕಾರಾದರೂ ತಿರುಗುತ್ತದೆ, ಅಲ್ವಾ? "ಮೇಷ್ಟ್ರೇ, ನೆಲದ ಮೇಲಿಡಿ" ಅಂದೆ. ಮೋಟಾರಿನ ವೈರು ಬಿಡಿಸಿದೆವು, ಇಲ್ಲದಿದ್ದರೆ ಕಾರು ಎದ್ದು ಓಡುತ್ತದೆ. ಮೇಲಿನ ಬಾಡಿ ತೆಗೆದು, ಇಬ್ಬರೂ ನೆಲಕ್ಕೆ ಬಗ್ಗಿ ನೋಡಿದೆವು.

ಸರ್ವೋ ಪೂರ್ತಿ ತಿರುಗಿತು. ಚಕ್ರ ಮಾತ್ರ ಸುಮ್ನೆ ಒಂದಿಷ್ಟು ಅಲುಗಾಡಿತು. ಹಾಗಾದರೆ ಆ 20 ಕೆ.ಜಿ. ಎಲ್ಲಿಗೆ ಹೋಯಿತು? ಸರ್ವೋಗೂ ಚಕ್ರಕ್ಕೂ ಮಧ್ಯದಲ್ಲಿ ಸರ್ವೋ ಸೇವರ್ ಅಂತ ಒಂದಿರುತ್ತದೆ. ಒಂದರ ಮೇಲೊಂದು ಕೂತ ಎರಡು ಪ್ಲಾಸ್ಟಿಕ್ ತುಂಡು, ಎರಡನ್ನೂ ತಬ್ಬಿ ಹಿಡಿದ ಬಳೆಯಂಥ ಸ್ಪ್ರಿಂಗು. ಚಕ್ರ ಕಲ್ಲಿಗೆ ಬಡಿದಾಗ ಆ ಏಟನ್ನು ಸ್ಪ್ರಿಂಗು ನುಂಗುತ್ತದೆ, ಸರ್ವೋ ಒಳಗಿನ ಹಲ್ಲು ಮುರಿಯುವುದಿಲ್ಲ. ಒಳ್ಳೇ ಏರ್ಪಾಡೇ. ಆದರೆ ಮೇಷ್ಟ್ರ ಕಾರಿನಲ್ಲಿ ಸ್ಪ್ರಿಂಗು ಸೋತುಹೋಗಿತ್ತು. ಟೈರು ನೆಲಕ್ಕೆ ಉಜ್ಜುವ ಅಷ್ಟೇ ಭಾರಕ್ಕೆ ಎರಡು ತುಂಡೂ ಬಾಯಿ ಬಿಡುತ್ತಿದ್ದವು. ನಡುವೆ ಉಗುರು ತೂರಿಸುವಷ್ಟು ಸಂದು. ಪ್ರತಿ ಸಲ ಟಕ್ ಅಂತ ಸದ್ದು.

ಮೇಷ್ಟ್ರು ಸ್ವಲ್ಪ ಹೊತ್ತು ನೋಡಿ, "ಅಂದ್ರೆ ಸರ್ವೋ ಎಷ್ಟೇ ತಳ್ಳಲಿ, ಸ್ಪ್ರಿಂಗು ದಾಟಿಸಿದಷ್ಟೇ ಚಕ್ರಕ್ಕೆ" ಅಂದರು. ನಾನು ಹೇಳುವುದೂ ಅದೇ! ಬಿಗಿ ಸ್ಪ್ರಿಂಗಿನ ಹೊಸ ಸೇವರ್ ಹಾಕಿದೆವು. ಅವರ ಹಳೇ 3 ಕೆ.ಜಿ. ಸರ್ವೋವನ್ನೇ ವಾಪಸ್ ಕೂರಿಸಿದೆವು. ಕಾರು ಸಲೀಸಾಗಿ ತಿರುಗಿತು. ಹೊಸ ಸರ್ವೋಗೆ ಎಷ್ಟು ಕೊಟ್ಟಿರಿ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಸೇವರ್ ಕೊಳ್ಳುವಾಗ ಒಂದು ಎಚ್ಚರ. ಸರ್ವೋ ತುದಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಫುಟಾಬಾ ಕಂಪನಿಯ ಸರ್ವೋದಲ್ಲಿ 25, ಸನ್ವಾ ಕಂಪನಿಯದರಲ್ಲಿ 23. ಒಂದರದ್ದು ಇನ್ನೊಂದಕ್ಕೆ ಒತ್ತಿ ಕೂರಿಸಿದರೆ ಸೀಳುತ್ತದೆ, ಇಲ್ಲಾ ಜಾರುತ್ತದೆ. ಆಗ ಇನ್ನೊಂದು ಲೂಸ್ ನೀವೇ ಮಾಡಿಕೊಂಡ ಹಾಗೆ. ಸ್ಕ್ರೂ ಹಾಕುವ ಮೊದಲು ರಿಮೋಟ್‌ನ ಟ್ರಿಮ್ಮನ್ನು, ಅಂದರೆ ಚಕ್ರ ನೇರ ಮಾಡುವ ಸಣ್ಣ ಹೊಂದಾಣಿಕೆಯನ್ನು, ಸೊನ್ನೆಗೆ ತನ್ನಿ, ಸರ್ವೋ ಆನ್ ಮಾಡಿ ಮಧ್ಯಕ್ಕೆ ಬರಲು ಬಿಡಿ. ಆಮೇಲೆ ಕೂರಿಸಿ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸರ್ವೋ ಅಲುಗಾಡದಂತೆ ಬೆರಳಲ್ಲಿ ಹಿಡಿದು ಮುಂದಿನ ಚಕ್ರ ಅಲ್ಲಾಡಿಸಿ. ಸೇವರ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿಗಳ ತುದಿಯ ಬಾಲ್ ಜಾಯಿಂಟ್, ಅಂದರೆ ಗುಂಡಿನ ಕೀಲು, ಗಡಗಡ ಅಂದರೆ ಬದಲಾಯಿಸಿ, ಅಗ್ಗದ ಸಾಮಾನು. ಎಡಬಲ ತಿರುಗುವಾಗ ಚಕ್ರಕ್ಕೆ ಆಧಾರವಾದ ಮೊಳೆ, ಕಿಂಗ್‌ಪಿನ್, ಕೂರುವ ತೂತು ಸವೆದು ಮೊಟ್ಟೆಯಾಕಾರ ಆಗಿದ್ದರೆ ಆ ಪ್ಲಾಸ್ಟಿಕ್ ತುಂಡನ್ನೇ ಹೊಸದು ಹಾಕಿ. ಬರೀ ಮೇಲೆ ಕೆಳಗೆ ಆಡುತ್ತಿದ್ದರೆ ತೆಳ್ಳನೆ ವಾಷರ್ ಸಾಕು. ಜಾಸ್ತಿ ಬಿಗಿ ಮಾಡಬೇಡಿ. ಕಡ್ಡಿ ಬಿಡಿಸಿದಾಗ ಬೆರಳಲ್ಲಿ ಒಮ್ಮೆ ತಳ್ಳಿದರೆ ಚಕ್ರ ತಿರುಗಬೇಕು.

ಇಷ್ಟಾದ ಮೇಲೂ ಮಣ್ಣಿನಲ್ಲಿ ಮುಂಭಾಗ ಜಾರಿದರೆ ಟೈರು ನೋಡಿ. ಹಳೇ ರಬ್ಬರು ಕಲ್ಲಾಗಿರುತ್ತದೆ. ಉಗುರು ಒತ್ತಿದರೂ ತಗ್ಗದಿದ್ದರೆ ಹೊಸದು ಹಾಕಿ. ಇನ್ನು ಹಾರ್ನೆಟ್, ಗ್ರಾಸ್‌ಹಾಪರ್ ಎರಡಕ್ಕೂ ಮೋಟಾರು ಹಿಂದೆ, ಮೂತಿ ಹಗುರ. ವೇಗ ಕೊಟ್ಟಾಗ ಅದು ಸ್ವಲ್ಪ ಎದ್ದೇ ಏಳುತ್ತದೆ. ಅದಕ್ಕೆ ಯಾವ ಸರ್ವೋನೂ ಮದ್ದಲ್ಲ, ತಿರುವಿಗೆ ಮುಂಚೆ ವೇಗ ಇಳಿಸಿ. ನಮಸ್ಕಾರ.