ಕಣದ ಸದ್ದು

ನಮಸ್ಕಾರ. ನಾನು ಸಾಕ್ಷ್ಯಚಿತ್ರ ಮಾಡುತ್ತೇನೆ. ಆದರೆ ಮಡಿಕೇರಿ ಪೇಟೆಯಲ್ಲಿ ಯಾರನ್ನು ಕೇಳಿದರೂ, 'ಓ, ಮದುವೆ ವಿಡಿಯೋದವರಾ?' ಅಂತಾರೆ. ಅದೂ ನಿಜವೇ. ಮದುವೆ ದುಡ್ಡಿನಲ್ಲೇ ಅಲ್ವಾ ನನ್ನ ಸಾಕ್ಷ್ಯಚಿತ್ರ ನಡೆಯೋದು!

ಕೆಲಸ ಕಲಿತದ್ದೂ ಅಲ್ಲೇ. ಕೊಡವ ಮದುವೆಯ ಗಂಗಾಪೂಜೆ ನೋಡಿರುತ್ತೀರಿ. ಮದುಮಗಳು ತಲೆ ಮೇಲೆ ನೀರಿನ ಕೊಡ ಹೊತ್ತು ನಿಂತಿರುತ್ತಾಳೆ. ಗಂಡಿನ ಕಡೆಯವರು ದಾರಿಗಡ್ಡ ಕುಣಿಯುತ್ತಾರೆ, ಗಂಟೆಗಟ್ಟಲೆ. ಕ್ಯಾಮೆರಾ ಎಲ್ಲಾ ಕುಣಿಯುವವರ ಕಡೆಗೇ. ಒಮ್ಮೆ ನಾನು ಮದುಮಗಳ ಕಡೆ ತಿರುಗಿಸಿದೆ. ಕತ್ತಿನ ನರ ಬಿಗಿದಿತ್ತು. ಮೈಭಾರವನ್ನು ಈ ಕಾಲಿಂದ ಆ ಕಾಲಿಗೆ ಹಾಕುತ್ತಿದ್ದಳು. ಮನೆಯವರಿಗೆ ಅದು ಹಿಡಿಸಲಿಲ್ಲ, ತೆಗೆಸಿದರು. ನನಗೆ ಮಾತ್ರ ಅಲ್ಲಿಂದ ಅದೇ ಹುಚ್ಚು.

ಹಿಂದೆ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಸರ್ಕಾರದ ಫಿಲ್ಮ್ಸ್ ಡಿವಿಷನ್ ಮಾಡಿದ ಸಾಕ್ಷ್ಯಚಿತ್ರ ಬರುತ್ತಿತ್ತು. 1948ರಲ್ಲಿ ಶುರುವಾದ ಆ ಸಂಸ್ಥೆ 2022ರಲ್ಲಿ ಎನ್‌ಎಫ್‌ಡಿಸಿ, ಅಂದರೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಹೋಯಿತು. ಈಗ ನಮ್ಮ ಚಿತ್ರ ನೋಡುವವರನ್ನು ನಾವೇ ಹುಡುಕಿಕೊಂಡು ಹೋಗಬೇಕು. ಮಳೆಗಾಲದ ಪಾಡು ಬೇರೆ. ಲೆನ್ಸಿಗೆ ಬೂಷ್ಟು ಹಿಡಿಯುತ್ತೆ ಅಂತ ಪೆಟ್ಟಿಗೆಯೊಳಗೆ ಸಣ್ಣ ಬಲ್ಬು ಉರಿಸಿ ಇಡುತ್ತೇನೆ. ಕೋಳಿಮರಿ ಸಾಕಿದ ಹಾಗೆ.

ಒಂದು ಜನವರಿಯಲ್ಲಿ ಸಿದ್ದಾಪುರದ ಕಡೆಯ ಕಾಫಿ ತೋಟಕ್ಕೆ ಹೋಗಿದ್ದೆ. ಕಣದ ತುಂಬಾ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಲು ಹಾಕಿದ ಕಾಫಿ ಹಣ್ಣು, ಹರಡಿತ್ತು. ಅದು ಒಣಗಿದೆಯೋ ಇಲ್ಲವೋ ನೋಡೋಕೆ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಗಲಗಲ ಅಂದರೆ ಆಯಿತು. ಆ ಸದ್ದು ಹಿಡಿಯಬೇಕು ಅಂತ ರೆಕಾರ್ಡರ್ ಆನ್ ಮಾಡಿ ಜೇಬಿಗೆ ಹಾಕಿಕೊಂಡಿದ್ದೆ.

ಸಂಜೆ ಇದ್ದಕ್ಕಿದ್ದಂತೆ ಮೋಡ ಕವಿಯಿತು. ಕಾಲವಲ್ಲದ ಕಾಲದ ಮಳೆ. ತೋಟದ ಕೆಲಸದವರು ಇರುವ ಲೈನ್ ಮನೆಯವರೆಲ್ಲಾ ಓಡಿ ಬಂದರು. ಎಂಥಾ ದೃಶ್ಯ! ಕ್ಯಾಮೆರಾ ಎತ್ತಿದೆ. ಅಷ್ಟರಲ್ಲಿ ಒಬ್ಬ ಅಜ್ಜಿ ಕೂಗಿದರು: 'ಏ ಮಗಾ, ಅದನ್ನ ಆಚೆ ಇಡು, ಟಾರ್ಪಾಲ್ ತುದಿ ಹಿಡಿ!'

ಹಿಡಿದೆ. ಹಾಗಾಗಿ ನನ್ನ ಚಿತ್ರದಲ್ಲಿ ಮಳೆಯೇ ಕಾಣುವುದಿಲ್ಲ. ಒಂದು ನಿಮಿಷ ಪರದೆ ಕಪ್ಪು, ಬರೀ ಸದ್ದು. ನೋಡಿದ ಒಬ್ಬರು, 'ಪ್ರೊಜೆಕ್ಟರ್ ಕೆಟ್ಟಿತಾ?' ಅಂತ ಕೇಳಿದರು. ಲೈನ್ ಮನೆಗಳ ಮುಂದೆ ಬೆಡ್‌ಶೀಟ್ ಕಟ್ಟಿ ತೋರಿಸಿದಾಗ ಯಾರೂ ಹಾಗೆ ಕೇಳಲಿಲ್ಲ. ಅಜ್ಜಿ ಮಾತ್ರ, 'ಅಯ್ಯೋ, ನಾನು ಅಷ್ಟು ಜೋರಾಗಿ ಬೈದಿದ್ನಾ?' ಅಂದರು. ಪಕ್ಕದಲ್ಲಿದ್ದವರು, 'ಇನ್ನೂ ಜಾಸ್ತಿ ಬೈದಿದ್ದೆ, ಇವರು ಕತ್ತರಿಸಿದ್ದಾರೆ' ಅಂದರು.

ಕತ್ತರಿಸಿದ್ದು ಹೌದು. ಉಳಿದ ಆ ಒಂದು ನಿಮಿಷ ತಂದಿದ್ದೇನೆ. ಕೇಳಿ.