ಆಜುಬಾಜು ಯಾರ ಹೆಸರಿದ್ದವು?

ಕೇಳುಗರೇ, ಎಲ್ಲರಿಗೂ ನಮಸ್ಕಾರ.

ಹೋದ ಆಷಾಢದಲ್ಲಿ ಒಂದು ಸಂಜೆ ನಮ್ಮ ಓಣಿಯ ಅಕ್ಕ ಒಬ್ಬರು ಮನೆಗೆ ಬಂದರು. ಚಹಾ ಕುಡಿದು ಕಪ್ಪು ಕೆಳಗಿಟ್ಟರು. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಬಾಯಾರ, ನನ್ನ ಒಂದ್ ಸಲ ದಿಲ್ಲಿಗೆ ಕರ್ಕೊಂಡು ಹೋಗ್ರಿ" ಅಂದರು. ದಿಲ್ಲಿಯಲ್ಲಿ ಏನು ಕೆಲಸ ಅಂತ ಕೇಳಿದೆ. "ಅಲ್ಲಿ ಗ್ವಾಡಿ ಮ್ಯಾಲೆ ನಮ್ಮ ತಮ್ಮನ ಹೆಸರು ಬರದಾರಂತ. ನೋಡಬೇಕ್ರೀ."

ಅವರ ತವರು ಬೈಲಹೊಂಗಲದ ಕಡೆ. ತಮ್ಮ ಮಿಲ್ಟ್ರಿಯಲ್ಲಿದ್ದ. 1999ರಲ್ಲಿ ಕಾರ್ಗಿಲ್‌ನಲ್ಲಿ ತೀರಿಕೊಂಡ. ಈ ಸಲ ಪಂಚಮಿಗೆ ನಿನ್ನ ಕರೆಯೋದಕ್ಕೆ ನಾನೇ ಬರ್ತೀನಿ ಅಂತ ಅವನು ಪತ್ರ ಬರೆದಿದ್ದನಂತೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಪಂಚಮಿ ಅಂದರೆ ಏನು ಅಂತ ನಿಮಗೆ ಗೊತ್ತಲ್ವಾ? ಜೋಕಾಲಿ, ಅಳ್ಳು, ಉಂಡಿ ಎಲ್ಲ ಆಮೇಲೆ. ಮೊದಲು ತವರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರಬೇಕು. ಅಕ್ಕ ಆ ವರ್ಷ ಹೊಸ ಸೀರೆ ತೆಗೆದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಪಂಚಮಿ ಇನ್ನೂ ದೂರ ಇರುವಾಗಲೇ ಊರಿಗೆ ಮಿಲ್ಟ್ರಿ ಗಾಡಿ ಬಂತು.

ಹಾಗೆ ಗಾಡಿ ಊರಿಗೆ ಬರುವುದು ಆಗ ಹೊಸದು. 1962, 1965, 1971ರ ಯುದ್ಧಗಳಲ್ಲಿ ಸತ್ತ ಬಹಳಷ್ಟು ಸೈನಿಕರ ಕೊನೆಯ ಕಾರ್ಯ ಗಡಿಯ ಹತ್ತಿರವೇ ಆಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ಒಂದು ತಂತಿ, ಆಮೇಲೆ ಅವನ ಸಾಮಾನು. ಕಾರ್ಗಿಲ್‌ನಲ್ಲಿ ನಮ್ಮ ಸೈನ್ಯದ 527 ಜನ ಪ್ರಾಣ ಕೊಟ್ಟರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಪಾರ್ಥಿವ ಶರೀರಗಳನ್ನು ಊರೂರಿಗೆ ಕಳಿಸಿದ್ದು ಆಗಲೇ. ಹಾಗಾಗಿ ಈ ಅಕ್ಕನ ತಮ್ಮನ ಸಮಾಧಿ ಅವರ ಸ್ವಂತ ಹೊಲದಲ್ಲೇ ಇದೆ, ಬಾವಿಯ ಪಕ್ಕ, ಕರಿ ಮಣ್ಣಿನಲ್ಲಿ. ಅಮಾವಾಸ್ಯೆಗೆ ಎಡೆ ಹಿಡಿಯುತ್ತಾರೆ.

"ಸಮಾಧಿ ಇಲ್ಲೇ ಇದೆಯಲ್ಲ ಅಕ್ಕಾ, ಮತ್ತೆ ದಿಲ್ಲಿಗೆ ಯಾಕೆ?" ಅಂತ ಕೇಳಿಬಿಟ್ಟೆ. ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಇಲ್ಲಿ ಅವ ನಮ್ಮ ತಮ್ಮ ಆಗಿ ಅದಾನ್ರೀ. ಅಲ್ಲಿ ತನ್ನ ಜೋಡಿದಾರರ ಕೂಡ ಹೆಂಗದಾನ, ಅದನ್ನ ನೋಡಬೇಕು."

ನಾನು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವಳು. ಬೆಳಗಾವಿಯ ಕ್ಯಾಂಪಿಗೆ ಹತ್ತಿರವೇ ನಮ್ಮ ಶಾಲೆ. ಪಾಠ ಮಾಡುವಾಗ ಎಷ್ಟೋ ಸಲ ಪರೇಡಿನ ಬ್ಯಾಂಡು ಕಿಟಕಿಯಿಂದ ಕೇಳುತ್ತಿತ್ತು. ನಮ್ಮ ಮರಾಠಾ ಸೆಂಟರ್, ಅಂದರೆ ಮರಾಠಾ ಲಘು ಪದಾತಿ ದಳದ ಕೇಂದ್ರ, 1922ರಿಂದ ಬೆಳಗಾವಿಯಲ್ಲಿದೆ. ಅದರ ಅತ್ಯಂತ ಹಳೆಯ ಪಲ್ಟನ್ ಹುಟ್ಟಿದ್ದು 1768ರಲ್ಲಿ. ಅಲ್ಲಿರುವ ಯುದ್ಧ ಸ್ಮಾರಕದ ಹೆಸರು ಶರ್ಕತ್. ಪೇಪರಿನಲ್ಲಿ ಆಗಾಗ ಬರುತ್ತದೆ, ದೊಡ್ಡ ಅಧಿಕಾರಿಗಳು ಬಂದು ಹೂವಿನ ಚಕ್ರ ಇಟ್ಟರು ಅಂತ. ಶರ್ಕತ್ ಎಲ್ಲಿದೆ ಅಂತ ಕೇಳಿದರೆ ನಮ್ಮೂರಿನವರಲ್ಲೂ ತುಂಬಾ ಜನಕ್ಕೆ ಗೊತ್ತಿಲ್ಲ. ಅದು ಇರಾಕಿನಲ್ಲಿ ಟೈಗ್ರಿಸ್ ನದಿಯ ದಂಡೆಯ ಮೇಲೆ ಇದೆ. 1918ರ ಅಕ್ಟೋಬರ್ ಕೊನೆಯ ವಾರ 114ನೇ ಮರಾಠಾ ಪಲ್ಟನ್ ಅಲ್ಲಿ ತುರ್ಕರ ಜೊತೆ ಹೋರಾಡಿತು. ತುರ್ಕರ ಸೈನ್ಯ ಅಲ್ಲಿ ಶರಣಾದದ್ದು ಅಕ್ಟೋಬರ್ 30ಕ್ಕೆ. ತುರ್ಕಿಯ ಜೊತೆಗಿನ ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅದೇ ದಿನ. ಇನ್ನು ಕೆಲವೇ ದಿನ ತಡೆದಿದ್ದರೆ ಆ ಹುಡುಗರು ಮನೆಗೆ ಬರುತ್ತಿದ್ದರು ಅನ್ನೋ ಯೋಚನೆ ನನ್ನನ್ನು ಬಿಡುವುದಿಲ್ಲ.

ಆ ಕಾಲದ ಯುದ್ಧದಲ್ಲಿ ಸತ್ತವರ ನೆನಪಿಗೆ ಆಗಿನ ಸರ್ಕಾರ ಹಳ್ಳಿಗಳಲ್ಲಿ ಸಣ್ಣ ಕಲ್ಲು ಹಾಕಿಸಿತ್ತು. ಗೋಡೆಗೆ ಕೂರಿಸಿದ ಚಿಕ್ಕ ಚಪ್ಪಡಿ. ಅಂಥ ಒಂದು ಕಲ್ಲನ್ನು ನಾನು ಹತ್ತಿರದಿಂದ ನೋಡಿದ್ದೇನೆ. 1914ರಿಂದ 1919ರ ದೊಡ್ಡ ಯುದ್ಧಕ್ಕೆ ಈ ಊರಿನಿಂದ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ಅಷ್ಟೇ. ಯಾರು ಹೋದರು, ಯಾರ ಮಗ, ಹೆಸರೇನು, ಒಂದೂ ಇಲ್ಲ.

ಇದು ನಮ್ಮ ಹಳ್ಳಿಗಳ ಕಥೆ ಮಾತ್ರ ಅಲ್ಲ. ಇರಾಕಿನ ಬಸ್ರಾದಲ್ಲಿ ಒಂದು ದೊಡ್ಡ ಸ್ಮಾರಕ ಇದೆ. ಆ ನಾಡಿನಲ್ಲಿ ಸತ್ತು, ಗೋರಿ ಎಲ್ಲಿದೆ ಅಂತಲೂ ಗೊತ್ತಾಗದ 40,500ಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು. ಅಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರು ಕೆತ್ತಿದರು. ಭಾರತದ ಸೈನ್ಯದ ಅಧಿಕಾರಿಗಳ ಹೆಸರೂ ಕೆತ್ತಿದರು. ಭಾರತದ ಸಾದಾ ಸಿಪಾಯಿಗಳ ವಿಷಯ ಬಂದಾಗ ಪಲ್ಟನ್ನಿನ ಹೆಸರು ಬರೆದು, ಕೆಳಗೆ ಇಷ್ಟು ಮಂದಿ ಅಂತ ಸಂಖ್ಯೆ ಹಾಕಿದರು. ಯುದ್ಧದಲ್ಲಿ ಸತ್ತವರ ಗೋರಿಗಳನ್ನು ನೋಡಿಕೊಳ್ಳಲು 1917ರಲ್ಲೇ ಒಂದು ಆಯೋಗ ಆಗಿತ್ತು. ದೊಡ್ಡವರು ಸಣ್ಣವರು ಅಂತ ಭೇದ ಮಾಡಬಾರದು, ಎಲ್ಲರಿಗೂ ಒಂದೇ ಗೌರವ ಅನ್ನೋದು ಅದರ ಮೂಲ ನಿಯಮ. ಆ ನಿಯಮ ನಮ್ಮವರ ತನಕ ಬರಲಿಲ್ಲ. 2021ರಲ್ಲಿ ಆ ಆಯೋಗವೇ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿತು. ಆ ಸುದ್ದಿ ಓದಿದ ದಿನ ನನಗೆ ಸಿಟ್ಟೂ ಬಂತು, ಸಮಾಧಾನವೂ ಆಯ್ತು. ನೂರು ವರ್ಷ ತಡವಾಗಿ ಆದರೂ ಯಾರೋ ಲೆಕ್ಕ ತೆಗೆದು ನೋಡಿದರಲ್ಲ ಅಂತ.

ನಮ್ಮ ನೆಲದಲ್ಲಿ ಈ ಪದ್ಧತಿ ಇರಲಿಲ್ಲ ಕೇಳುಗರೇ. ನಮ್ಮಲ್ಲಿ ವೀರಗಲ್ಲು ಇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಯಾವ ಕಡೆ ಹೋದರೂ ಗುಡಿಯ ಹಿಂದೆಯೋ ಕೆರೆಯ ದಂಡೆಗೋ ಒಂದು ನಿಂತಿರುತ್ತದೆ. ಕೆಳಗಿನ ಅಂಕಣದಲ್ಲಿ ಕಾದಾಟ. ನಡುವೆ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಶಿವಲಿಂಗ, ಅದರ ಮೇಲೆ ಸೂರ್ಯ ಚಂದ್ರ. ಅಕ್ಷರ ಇರುವ ಕಲ್ಲುಗಳಲ್ಲಿ ಅವನ ಹೆಸರು ಇರುತ್ತದೆ. ಕಳ್ಳರು ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತ ಅಂತ ಕಾರಣವನ್ನೂ ಬರೆದಿರುತ್ತಾರೆ. ಅವನು ರಾಜನೇ ಆಗಬೇಕಿಲ್ಲ. ದನ ಕಾಯುವವನಿಗೂ ಕಲ್ಲು ನಿಲ್ಲಿಸಿದ್ದಾರೆ. ಇವತ್ತು ಎಷ್ಟೋ ಊರಲ್ಲಿ ಅದಕ್ಕೆ ಎಮ್ಮೆ ಕಟ್ಟುತ್ತಾರೆ. ನೋಡಿದಾಗ ಸಂಕಟ ಆಗುತ್ತದೆ. ದಯವಿಟ್ಟು ಕಟ್ಟಬೇಡಿ. ನಿಮ್ಮೂರಿನ ಯಾರೋ ಒಬ್ಬ ನಿಮ್ಮೂರಿಗಾಗಿ ಸತ್ತದ್ದು ಅದು.

ಖಾನಾಪುರ ತಾಲೂಕಿನ ನಂದಗಡಕ್ಕೆ ಹೋದವರು ಸಂಗೊಳ್ಳಿ ರಾಯಣ್ಣನ ಸಮಾಧಿ ನೋಡಿರುತ್ತೀರಿ. 1831ರ ಜನವರಿ 26ರಂದು ಅವನನ್ನು ಗಲ್ಲಿಗೆ ಹಾಕಿದರು. ಸಮಾಧಿಯ ಹತ್ತಿರ ದೊಡ್ಡ ಆಲದ ಮರ ಇದೆ. ಅಲ್ಲಿಗೆ ಜನ ಸುಮ್ನೆ ಕೈಮುಗಿಯಲು ಹೋಗುವುದಿಲ್ಲ. ಮಕ್ಕಳಾಗಲಿ ಅಂತ ಹರಕೆ ಹೊರುತ್ತಾರೆ, ತೊಟ್ಟಿಲು ಕಟ್ಟುತ್ತಾರೆ. ಅವನಂಥ ಮಗ ಹುಟ್ಟಲಿ ಅನ್ನೋ ಆಸೆ. ನಮ್ಮ ಜನ ಸತ್ತ ವೀರನ ಜೊತೆ ಹೀಗೆ ಮಾತಾಡಿಕೊಂಡೇ ಇರುತ್ತಾರೆ. ಅಕ್ಕ ದಿಲ್ಲಿಗೆ ಹೋಗ್ತೀನಿ ಅಂದದ್ದೂ ಇದೇ ರೀತಿಯದು ಅಂತ ನನಗೆ ಅನಿಸಿತು.

ಹೊರಟೆವು. ಪಂಚಮಿಯ ಸಮಯಕ್ಕೇ ಹೋಗಬೇಕು ಅಂತ ಅವರ ಹಟ. "ಕರಿಯಾಕ ಅವ ಬರಲಿಲ್ಲ. ಈ ಸಲ ನಾನ ಹೋಗ್ತೀನಿ" ಅಂದರು. ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿಯ ಪ್ರಯಾಣ. ಅಕ್ಕನ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ಅದರ ತುಂಬಾ ಶೇಂಗಾ ಉಂಡಿ. ಡಬ್ಬಿಯನ್ನು ಸೀಟಿನ ಕೆಳಗೆ ಇಡಲಿಲ್ಲ, ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದರು.

ರಾಷ್ಟ್ರೀಯ ಸಮರ ಸ್ಮಾರಕ ಇರುವುದು ಇಂಡಿಯಾ ಗೇಟಿನ ಹತ್ತಿರ, ಸುಮಾರು 40 ಎಕರೆ ಜಾಗದಲ್ಲಿ. 2019ರ ಫೆಬ್ರವರಿ 25ರಂದು ಉದ್ಘಾಟನೆ ಆಯಿತು. ಇಂಡಿಯಾ ಗೇಟಿನ ಮೇಲೆ ಬ್ರಿಟಿಷರ ಕಾಲದ ಯುದ್ಧಗಳಲ್ಲಿ ಸತ್ತವರ ಹೆಸರುಗಳಿವೆ. ಸ್ವಾತಂತ್ರ್ಯ ಬಂದ ಮೇಲೆ ಪ್ರಾಣ ಕೊಟ್ಟವರೆಲ್ಲರ ಹೆಸರನ್ನು ಒಂದೇ ಕಡೆ ಕೆತ್ತಿದ ರಾಷ್ಟ್ರೀಯ ಸ್ಮಾರಕ ಅಂತ ದಿಲ್ಲಿಯಲ್ಲಿ ಅಲ್ಲಿಯ ತನಕ ಇರಲಿಲ್ಲ. ಎಪ್ಪತ್ತು ವರ್ಷ ಬೇಕಾಯಿತು. ಒಂದರೊಳಗೆ ಒಂದು ನಾಲ್ಕು ವೃತ್ತ. ನಟ್ಟ ನಡುವೆ ಅಮರ ಚಕ್ರ, ಎತ್ತರದ ಕಲ್ಲಿನ ಕಂಬ, ಅದರ ಬುಡದಲ್ಲಿ ಆರದ ಜ್ಯೋತಿ. ಆಮೇಲೆ ವೀರತಾ ಚಕ್ರ. ಮೂರನೆಯದು ತ್ಯಾಗ ಚಕ್ರ. ಎಲ್ಲಕ್ಕಿಂತ ಹೊರಗೆ ರಕ್ಷಕ ಚಕ್ರ, ಅದು ಮರಗಳ ಸಾಲು. ನಾವು ಹೋಗಬೇಕಾಗಿದ್ದು ತ್ಯಾಗ ಚಕ್ರಕ್ಕೆ. ಅಲ್ಲಿ ಗ್ರಾನೈಟಿನ ಗೋಡೆಗಳು, ಒಬ್ಬೊಬ್ಬ ಸೈನಿಕನಿಗೆ ಒಂದೊಂದು ಇಟ್ಟಿಗೆ. ಹೆಸರು, ಹುದ್ದೆ, ಪಲ್ಟನ್, ಬಂಗಾರದ ಬಣ್ಣದ ಅಕ್ಷರದಲ್ಲಿ. ಒಟ್ಟು 25,000ಕ್ಕಿಂತ ಜಾಸ್ತಿ ಹೆಸರುಗಳು.

ಅಷ್ಟು ಇಟ್ಟಿಗೆಗಳ ನಡುವೆ ಒಂದನ್ನು ಹುಡುಕುವುದು ಹೇಗೆ? ಡ್ಯೂಟಿಯಲ್ಲಿದ್ದ ಒಬ್ಬ ಎಳೆಯ ಜವಾನನನ್ನು ಕೇಳಿದೆ. ತಮ್ಮನ ಹೆಸರು, ಪಲ್ಟನ್, ವರ್ಷ ಹೇಳಿದೆ. ಅವನು ನಮ್ಮನ್ನು ಕರೆದುಕೊಂಡು ಹೋಗಿ, ಬೆರಳು ತೋರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತುಕೊಂಡ.

ಅಕ್ಕನಿಗೆ ಓದಲು ಬರುವುದಿಲ್ಲ. "ಇದ ಏನ್ರೀ?" ಅಂತ ಕೇಳಿದರು. ಹೌದು ಅಂದೆ. ಬೆಳಗ್ಗೆ ಮಳೆ ಬಂದು ಹೋಗಿತ್ತು. ಕಲ್ಲಿನ ಮೇಲೆ ಹನಿಯ ಕಲೆ, ಒಂದಿಷ್ಟು ಧೂಳು. ಅವರು ಸೆರಗಿನ ತುದಿ ಹಿಡಿದು ಆ ಇಟ್ಟಿಗೆ ಒರೆಸಿದರು. ಮನೆಯಲ್ಲಿ ಗೋಡೆಯ ಮೇಲಿನ ಹಿರಿಯರ ಫೋಟೋ ಒರೆಸುತ್ತೀವಲ್ಲ, ಹಾಗೆ. ನಿಧಾನವಾಗಿ, ಮೂಲೆ ಮೂಲೆಗೂ ಬೆರಳು ಹಾಕಿ. ಅಕ್ಷರದ ತಗ್ಗಿನಲ್ಲಿ ನಿಂತ ನೀರನ್ನೂ ಒರೆಸಿದರು. ಆಮೇಲೆ ಬಾಜೂಕಿನ ಇಟ್ಟಿಗೆ ಒರೆಸಿದರು. ಅದರ ಮೇಲಿನದು, ಕೆಳಗಿನದು. ಕೈ ಎಟುಕಿದಷ್ಟೂ ಒರೆಸಿದರು. ಜವಾನ ಏನೂ ಅನ್ನಲಿಲ್ಲ. ಟೋಪಿ ಸರಿ ಮಾಡಿಕೊಂಡು ನೇರ ನಿಂತ. ಅಕ್ಕ ಒರೆಸಿದ ಹೆಸರುಗಳನ್ನು ನಾನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಯಾಕೆ ಬರೆದುಕೊಂಡೆ ಅಂತ ಆಗ ನನಗೇ ಗೊತ್ತಿರಲಿಲ್ಲ.

ಅವರು ಅಳಲಿಲ್ಲ. ಹೆಸರಿನ ಮೇಲೆ ಅಂಗೈ ಇಟ್ಟು, "ಬಂದೆ ನೋಡಪಾ" ಅಂದರು.

ಸಂಜೆಯ ತನಕ ಅಲ್ಲೇ ಇದ್ದೆವು. ಹೊತ್ತು ಮುಳುಗುವಾಗ ಅಲ್ಲಿ ಒಂದು ಕಾರ್ಯಕ್ರಮ ಆಗುತ್ತದೆ. ಪ್ರಾಣ ಕೊಟ್ಟ ಸೈನಿಕನ ಮನೆಯವರು ಬಂದು ಹೂವಿನ ಚಕ್ರ ಇಡುತ್ತಾರೆ. ಅವತ್ತು ಬಂದವರು ಬೇರೆ ಯಾವುದೋ ರಾಜ್ಯದ ಒಬ್ಬ ಹಿರಿಯರು. ಅವರ ಭಾಷೆ ನಮಗೆ ತಿಳಿಯಲಿಲ್ಲ. ಬಿಗಿಲು ಊದಿದಾಗ ಅಕ್ಕ ಅವರನ್ನೇ ನೋಡುತ್ತಿದ್ದರು.

ವಾಪಸ್ ಬರುವಾಗ ಪುಣೆಯಲ್ಲಿ ಮಗಳ ಮನೆಯಲ್ಲಿ ಇಳಿದೆವು. ಖಡಕಿಯ ಯುದ್ಧ ಸಮಾಧಿಗಳನ್ನು ನೋಡಿ ಬರೋಣ ಅಂದೆ. ಎರಡನೇ ಮಹಾಯುದ್ಧದ 1,600ಕ್ಕೂ ಹೆಚ್ಚು ಸೈನಿಕರನ್ನು ಅಲ್ಲಿ ಮಣ್ಣು ಮಾಡಿದ್ದಾರೆ. ಕತ್ತರಿಸಿದ ಹುಲ್ಲು, ಸಾಲು ಸಾಲು ಕಲ್ಲು, ದೊಡ್ಡ ಅಧಿಕಾರಿಗೂ ಸಾದಾ ಸಿಪಾಯಿಗೂ ಒಂದೇ ಬಗೆ. ಅಕ್ಕ ಎಷ್ಟೋ ಹೊತ್ತು ನಡೆದಾಡಿದರು. "ಇವರ ಅಕ್ಕ ತಂಗ್ಯಾರು ಇಷ್ಟು ದೂರ ಬಂದು ನೋಡ್ಯಾರೇನ್ರೀ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಅವರಿಗೆ ಯಶವಂತ ಘಾಡ್ಗೆಯ ಕಥೆ ಹೇಳಿದೆ. ನಮ್ಮ ಬೆಳಗಾವಿಯ ಮರಾಠಾ ಪಡೆಯ ನಾಯಕ್, 22 ವರ್ಷದ ಹುಡುಗ. 1944ರ ಜುಲೈ 10ರಂದು ಇಟಲಿಯಲ್ಲಿ ಮಷಿನ್‌ಗನ್ನಿನ ಗುಂಡಿಗೆ ಅವನ ತುಕಡಿಯ ಎಲ್ಲರೂ ಬಿದ್ದರು, ಸತ್ತರು ಇಲ್ಲವೇ ಗಾಯಗೊಂಡರು. ಉಳಿದವನು ಇವನೊಬ್ಬ. ಒಬ್ಬನೇ ಓಡಿಹೋಗಿ ಆ ಮಷಿನ್‌ಗನ್ ಸುಮ್ಮನಾಗಿಸಿದ. ಗುಂಡು ತುಂಬಿಕೊಳ್ಳಲು ಹೊತ್ತಿಲ್ಲದೆ ಬಂದೂಕನ್ನೇ ತಿರುಗಿಸಿ ಹಿಡಿದು ಹೊಡೆದ. ಆಮೇಲೆ ಮರೆಯಿಂದ ಬಂದ ಗುಂಡು ಅವನನ್ನು ಕೆಡವಿತು. ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಗೋರಿ ಇಲ್ಲ. ಇಟಲಿಯ ಕ್ಯಾಸಿನೋ ಸ್ಮಾರಕದಲ್ಲಿ ಹೆಸರಿದೆ.

"ಹೆಸರರ ಐತಲ್ಲ" ಅಂದರು ಅಕ್ಕ.

ಪುಣೆಯಿಂದ ಬೆಳಗಾವಿಗೆ ಮತ್ತೆ ರೈಲು. ಮಿರಜ್ ದಾಟಿದ ಮೇಲೆ ಹೊರಗೆ ನಮ್ಮ ಕಡೆಯ ಮಳೆ ಶುರುವಾಯಿತು. ಅಕ್ಕ ಕಿಟಕಿಯಿಂದ ಮುಖ ತಿರುಗಿಸಿ, "ಬಾಯಾರ, ಅವನ ಆಜುಬಾಜು ಯಾರ ಹೆಸರಿದ್ದವು?" ಅಂದರು.

ಚೀಟಿ ನೆನಪಾಯಿತು. ಪರ್ಸಿನಿಂದ ತೆಗೆದೆ. ಆರು ಹೆಸರು. ಅಕ್ಕ ಡಬ್ಬಿಯ ಮುಚ್ಚಳ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಮೊದಲ ಹೆಸರು ಓದಿದೆ. ಅವರು ಅದನ್ನು ಮೆಲ್ಲಗೆ ತಿರುಗಿ ಹೇಳಿ, ಒಂದು ಉಂಡಿ ತೆಗೆದು ಎದುರಿಗೆ ಕೂತಿದ್ದ ಮಗುವಿಗೆ ಕೊಟ್ಟರು. ಎರಡನೇ ಹೆಸರಿಗೆ ಆ ಮಗುವಿನ ತಾಯಿಗೆ. ಕೆಲವು ಹೆಸರು ಅವರ ನಾಲಿಗೆಗೆ ಹೊಸವು, ದೂರದ ನಾಡಿನವು. ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡು ಕಲಿತರು. ಹೀಗೆ ಆರೂ ಆಯಿತು.

ಏಳನೆಯ ಉಂಡಿ ನನ್ನ ಕೈಗೆ ಇಟ್ಟರು. ಆ ಹೆಸರನ್ನು ನಾನು ಓದಬೇಕಾಗಲಿಲ್ಲ. ಅವರೇ ಹೇಳಿದರು, ಮನೆಯಲ್ಲಿ ಅವನನ್ನು ಕರೆಯುತ್ತಿದ್ದ ಹೆಸರಿನಿಂದ.

ನಮಸ್ಕಾರ.